ಸಿಂಕ್ ಪಕ್ಕದ ನೋಡ್ ಬೇಗ ಸಾಯುತ್ತಿದೆಯೇ? ಸೆನ್ಸರ್ ಜಾಲದ ಬ್ಯಾಟರಿ ದೋಷ ಹುಡುಕುವ ಬಗೆ

ಫೋನ್ ಬಂದಿದ್ದು ಜನವರಿಯಲ್ಲಿ. "ಸಾರ್, ಮೇಲಿನ ಬ್ಲಾಕ್ ಪೂರ್ತಿ ಮತ್ತೆ ಬರ್ತಾ ಇಲ್ಲ" ಅಂದರು ತೋಟದ ರೈಟರ್ (ಗುಮಾಸ್ತರು).

ಸಕಲೇಶಪುರದ ಕಡೆಯ ಕಾಫಿ ತೋಟ ಅದು. ಮಣ್ಣಿನ ತೇವ ಅಳೆಯಲು ಅಲ್ಲಿ 24 ವೈರ್‌ಲೆಸ್ ನೋಡ್, ಅಂದರೆ ಸೆನ್ಸರ್, ರೇಡಿಯೋ, ಬ್ಯಾಟರಿ ಇರುವ ಸಣ್ಣ ಡಬ್ಬಿ, ಇಟ್ಟಿದ್ದೆವು. ಬಂಗಲೆಯ ಆಫೀಸ್ ರೂಮಿನಲ್ಲಿ ಸಿಂಕ್ ಇತ್ತು. ಸಿಂಕ್ ಅಂದರೆ ಎಲ್ಲ ನೋಡ್‌ಗಳ ಮಾಹಿತಿ ಬಂದು ಸೇರುವ ಜಾಗ. ಪ್ರತಿ ನೋಡ್ ಹತ್ತು ನಿಮಿಷಕ್ಕೊಮ್ಮೆ ಒಂದು ಅಳತೆ ಕಳಿಸುತ್ತದೆ. ದೂರದ ನೋಡ್‌ನ ಪ್ಯಾಕೆಟ್ ನಡುವಿನ ನೋಡ್‌ಗಳನ್ನು ದಾಟಿಕೊಂಡು ಬಂಗಲೆ ತಲುಪುತ್ತದೆ. ಹೋಗಿ ನೋಡಿದರೆ ಮೇಲಿನ ಬ್ಲಾಕ್‌ನ ಬ್ಯಾಟರಿಗಳಿಗೆ ಏನೂ ಆಗಿರಲಿಲ್ಲ. ಬಂಗಲೆಗೆ ಹತ್ತಿರದ ಎರಡು ನೋಡ್ ಸತ್ತಿದ್ದವು. ದಾರಿ ಕಡಿದುಹೋಗಿ ಆಚೆಯವೆಲ್ಲ ಸುಮ್ಮನಾಗಿದ್ದವು. ಆ ಎರಡಕ್ಕೆ ಹೊಸ ಬ್ಯಾಟರಿ ಹಾಕಿ ಮೂರೇ ವಾರ ಆಗಿತ್ತು.

ಈ ವಿಷಯ ಓದಿಕೊಂಡ ಯಾರನ್ನೇ ಕೇಳಿ, ಉತ್ತರ ತಕ್ಷಣ ಬರುತ್ತದೆ. ಸಿಂಕ್ ಪಕ್ಕದ ನೋಡ್‌ಗಳು ಎಲ್ಲರ ಪ್ಯಾಕೆಟ್ ಹೊರಬೇಕು, ಅದಕ್ಕೇ ಅವು ಮೊದಲು ಸಾಯುತ್ತವೆ, ರೂಟಿಂಗ್ (ಪ್ಯಾಕೆಟ್ ಯಾವ ದಾರಿ ಹಿಡಿಯಬೇಕು ಎನ್ನುವ ಆಯ್ಕೆ) ಬದಲಿಸಿ, ಹೊರೆ ಹಂಚಿ. ನಾವೂ ಹಾಗೇ ನಂಬಿದೆವು. ಹೊರೆ ಹಂಚಲು ಮೂರನೇ ನೋಡ್ ಒಂದನ್ನು ಬಂಗಲೆ ಪಕ್ಕ ನಿಲ್ಲಿಸಿದೆವು. ಮೂರು ವಾರಕ್ಕೆ ಅದೂ ಸತ್ತಿತು, ಹಳೆಯ ಎರಡೂ ಸತ್ತವು. ಹೊರೆ ಮೂರು ಪಾಲಾದರೂ ಬ್ಯಾಟರಿ ಒಂದು ದಿನವೂ ಜಾಸ್ತಿ ಬರಲಿಲ್ಲ. ಅಲ್ಲೇ ನಮಗೆ ಹೊಳೆಯಬೇಕಿತ್ತು. ಹೊಳೆಯಲು ಇನ್ನೂ ಮೂರು ವಾರ ಹಿಡಿಯಿತು. ನಿಮಗೆ ಅಷ್ಟು ದಿನ ಹೋಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ನೋಡ್‌ಗಳು ಟೆಲೋಸ್‌ಬಿ ಬಗೆಯವು. ಎಂಎಸ್‌ಪಿ430 ಪ್ರೊಸೆಸರ್, 2.4 ಗಿಗಾಹರ್ಟ್ಸ್‌ನ ಸಿಸಿ2420 ರೇಡಿಯೋ, ಎರಡು ಎಎ ಸೆಲ್. ಒಳಗೆ ಕಾಂಟಿಕಿ ಅನ್ನುವ ಆಪರೇಟಿಂಗ್ ಸಿಸ್ಟಂ, ರೂಟಿಂಗ್‌ಗೆ ಆರ್‌ಪಿಎಲ್, ರೇಡಿಯೋ ಮಲಗಿಸಿ ಎಬ್ಬಿಸಲು ಕಾಂಟಿಕಿಮ್ಯಾಕ್. ನಿಮ್ಮ ಬೋರ್ಡ್ ಬೇರೆ ಇದ್ದರೆ ಅಂಕಿ ಬದಲಾಗುತ್ತವೆ. ಹುಡುಕುವ ಕ್ರಮ ಇದೇ.

ಮೊದಲು ಒಂದು ಭಾಗಾಕಾರ

ತೋಟಕ್ಕೆ ಹೋಗುವ ಮೊದಲು, ಕೋಡ್ ಮುಟ್ಟುವ ಮೊದಲು, ಪೆನ್ನು ಕಾಗದ ತೆಗೆದುಕೊಳ್ಳಿ. ಬ್ಯಾಟರಿ ಎಷ್ಟು ದಿನ ಬಂತು ಅನ್ನುವುದೇ ಮೊದಲ ಸುಳಿವು.

ಸಿಸಿ2420 ಕೇಳುತ್ತಾ ಕೂತಾಗ 18.8 ಮಿಲಿಆಂಪ್ ಎಳೆಯುತ್ತದೆ. ಪೂರ್ತಿ ಬಲದಲ್ಲಿ ಕಳಿಸುವಾಗ 17.4. ಇದನ್ನು ಇನ್ನೊಮ್ಮೆ ಓದಿ. ಮಾತಾಡುವುದಕ್ಕಿಂತ ಕೇಳುವುದಕ್ಕೇ ಜಾಸ್ತಿ ಕರೆಂಟ್ ಬೇಕು. ಅದೂ ಯಾರೂ ಮಾತಾಡದೆ ಇದ್ದಾಗ ಸುಮ್ನೆ ಕಾಯುತ್ತಿದ್ದರೂ ಅಷ್ಟೇ ಖರ್ಚು.

ಎರಡು ಎಎ ಅಲ್ಕಲೈನ್ ಸೆಲ್‌ಗೆ 2000 ಮಿಲಿಆಂಪ್ ಅವರ್ ಎಂದು ಇಟ್ಟುಕೊಳ್ಳೋಣ. ರೇಡಿಯೋ ಯಾವಾಗಲೂ ಎದ್ದೇ ಇದ್ದರೆ 2000 ಭಾಗಿಸು 18.8, ಸುಮಾರು 106 ಗಂಟೆ. ಅಂದರೆ ನಾಲ್ಕೂವರೆ ದಿನ. ಹತ್ತರಲ್ಲಿ ಒಂದು ಪಾಲು ಸಮಯ ಎದ್ದಿದ್ದರೆ 44 ದಿನ. ನೂರರಲ್ಲಿ ಐದು ಪಾಲಾದರೆ ಮೂರು ತಿಂಗಳು. ನೂರರಲ್ಲಿ ಒಂದೇ ಪಾಲಾದರೆ ಒಂದು ವರ್ಷ ದಾಟುತ್ತದೆ.

ಈಗ ನಮ್ಮ ಮೂರು ವಾರವನ್ನು ಹಿಂದಿನಿಂದ ಲೆಕ್ಕ ಹಾಕಿ. ಮೂರು ವಾರ ಅಂದರೆ 504 ಗಂಟೆ. 2000 ಅನ್ನು 504ರಿಂದ ಭಾಗಿಸಿದರೆ ಸರಾಸರಿ ಸುಮಾರು 4 ಮಿಲಿಆಂಪ್. ಇದೆಲ್ಲ ರೇಡಿಯೋದ್ದೇ ಆಗಿದ್ದರೆ ರೇಡಿಯೋ ನೂರರಲ್ಲಿ 21 ಪಾಲು ಸಮಯ ಎದ್ದಿರಬೇಕು.

ಪ್ಯಾಕೆಟ್ ಹೊರುವುದರಿಂದ ಅಷ್ಟು ಆಗಲು ಸಾಧ್ಯವೇ? ಕಾಂಟಿಕಿಮ್ಯಾಕ್‌ನಲ್ಲಿ ನೋಡ್ ಸೆಕೆಂಡಿಗೆ 8 ಸಲ, ಅಂದರೆ 125 ಮಿಲಿಸೆಕೆಂಡಿಗೊಮ್ಮೆ, ಕಣ್ಣು ಬಿಟ್ಟು ನೋಡಿ ಮತ್ತೆ ಮಲಗುತ್ತದೆ. ಕಳಿಸುವ ನೋಡ್ ಎದುರಿನದು ಏಳುವ ತನಕ ಅದೇ ಪ್ಯಾಕೆಟ್ ಅನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಎದುರಿನದು ಯಾವ ಹೊತ್ತಿಗೆ ಏಳುತ್ತದೆ ಎಂದು ಗೊತ್ತಿಲ್ಲದಿದ್ದರೆ ಸರಾಸರಿ 62 ಮಿಲಿಸೆಕೆಂಡ್ ಬೇಕು. ಗೊತ್ತಿದ್ದರೆ ಇನ್ನೂ ಕಡಿಮೆ. ಎಲ್ಲಕ್ಕಿಂತ ಕೆಟ್ಟದ್ದನ್ನೇ ಊಹಿಸೋಣ. 24 ನೋಡ್‌ಗಳ ಎಲ್ಲ ಪ್ಯಾಕೆಟ್ ಒಂದೇ ನೋಡ್ ಮೇಲೆ ಬಿತ್ತು. ಒಂದು ನೋಡ್ ದಿನಕ್ಕೆ 144 ಪ್ಯಾಕೆಟ್, ಒಟ್ಟು 3456. ಒಂದಕ್ಕೆ 62 ಮಿಲಿಸೆಕೆಂಡ್ ಅಂದರೆ ದಿನಕ್ಕೆ ಮೂರೂವರೆ ನಿಮಿಷ. ದಿನದ 86,400 ಸೆಕೆಂಡಿನಲ್ಲಿ ಇದು ನೂರಕ್ಕೆ ಕಾಲು ಪಾಲು, ಅಂದರೆ 0.25.

ಬೇಕಾದದ್ದು 21, ಸಿಕ್ಕಿದ್ದು 0.25. ಎಂಬತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಪ್ರತಿ ಪ್ಯಾಕೆಟ್ ಮೂರು ಸಲ ಕಳಿಸಬೇಕಾಯಿತು ಎಂದರೂ ಒಂದು ಪಾಲು ತಲುಪುವುದಿಲ್ಲ. ಈ ಲೆಕ್ಕ ಮೊದಲ ದಿನವೇ ಮಾಡಿದ್ದರೆ ನಾವು ಮೂರನೇ ನೋಡ್ ನಿಲ್ಲಿಸುತ್ತಲೇ ಇರಲಿಲ್ಲ.

ಆದರೆ ಅಳತೆ ಬೇಗ ಬೇಗ ಬರುವ ಜಾಲದಲ್ಲಿ ಮಾತು ಬೇರೆ. ಹತ್ತು ಸೆಕೆಂಡಿಗೊಮ್ಮೆ ಕಳಿಸುವ ಜಾಲದಲ್ಲಿ 12 ನೋಡ್‌ಗಳ ಹೊರೆ ಒಂದರ ಮೇಲೆ ಬಿದ್ದರೆ, ಇದೇ ಲೆಕ್ಕದಲ್ಲಿ ಕಳಿಸುವುದಕ್ಕೇ ನೂರಕ್ಕೆ ಏಳೂವರೆ ಪಾಲು ಹೋಗುತ್ತದೆ. ಎರಡು ತಿಂಗಳಿಗೆ ಬ್ಯಾಟರಿ ಮುಗಿಯುತ್ತದೆ. ಅಲ್ಲಿ ಹೊರೆ ನಿಜವಾದ ಕಾರಣ. ನಿಮ್ಮ ಜಾಲ ಯಾವ ಕಡೆಗಿದೆ ಅನ್ನುವುದು ಈ ಭಾಗಾಕಾರದಿಂದಲೇ ತಿಳಿಯುತ್ತದೆ.

ಕರೆಂಟ್ ಎಲ್ಲಿ ಹೋಯಿತು ಎಂದು ನೋಡ್ ಅನ್ನೇ ಕೇಳಿ

ಕಾಂಟಿಕಿಯಲ್ಲಿ ಎನರ್ಜೆಸ್ಟ್ ಅನ್ನುವ ಭಾಗ ಇದೆ. ಪ್ರೊಸೆಸರ್ ಎದ್ದಿದ್ದೆಷ್ಟು, ಮಲಗಿದ್ದೆಷ್ಟು, ರೇಡಿಯೋ ಕೇಳಿದ್ದೆಷ್ಟು, ಕಳಿಸಿದ್ದೆಷ್ಟು ಎಂದು ಅದು ಎಣಿಸುತ್ತಾ ಹೋಗುತ್ತದೆ. ನಾವು ಗಂಟೆಗೊಮ್ಮೆ ಪ್ರತಿ ನೋಡ್‌ನಿಂದ ಈ ನಾಲ್ಕು ಎಣಿಕೆ ತರಿಸಿಕೊಳ್ಳಲು ಶುರು ಮಾಡಿದೆವು. ಜೊತೆಗೆ ಬ್ಯಾಟರಿ ವೋಲ್ಟೇಜ್, ಈಗಿನ ಪೇರೆಂಟ್ (ಸಿಂಕ್ ಕಡೆಗೆ ಪ್ಯಾಕೆಟ್ ದಾಟಿಸುವ ಮುಂದಿನ ನೋಡ್) ಯಾರು, ಎಷ್ಟು ಸಲ ರೀಬೂಟ್ ಆಗಿದೆ ಅನ್ನುವುದನ್ನೂ ಸೇರಿಸಿದೆವು. ಹೊಸ ಜಾಲ ಕಟ್ಟುವವರು ಇದನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಗಂಟೆಗೊಂದು ಚಿಕ್ಕ ಪ್ಯಾಕೆಟ್‌ನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಎಣಿಕೆ ಒಟ್ಟಾರೆಯದು. ಹಾಗಾಗಿ ಎರಡು ಓದಿಕೆಗಳ ವ್ಯತ್ಯಾಸ ತೆಗೆಯಬೇಕು. ಈ ಬೋರ್ಡ್‌ನಲ್ಲಿ ಸೆಕೆಂಡಿಗೆ 32,768 ಎಣಿಕೆ. ಹಳೆಯ ಕಾಂಟಿಕಿಯಲ್ಲಿ ಎಣಿಕೆ 32 ಬಿಟ್‌ನದು, ಸುಮಾರು 36 ಗಂಟೆಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಎರಡು ದಿನಕ್ಕೊಮ್ಮೆ ಓದಿದರೆ ತಪ್ಪು ಉತ್ತರ ಸಿಗುತ್ತದೆ.

ಓದುವುದು ಹೀಗೆ. ಕಳಿಸಿದ ಸಮಯ, ಕೇಳಿದ ಸಮಯ ಎರಡೂ ಏರಿದ್ದರೆ ನೋಡ್ ನಿಜವಾಗಿ ಬಹಳ ಕಳಿಸುತ್ತಿದೆ. ಉತ್ತರಕ್ಕೆ ಕಾಯುವಾಗ ಕೇಳಬೇಕಲ್ವಾ, ಹಾಗಾಗಿ ಕಳಿಸಿದಷ್ಟೂ ಕೇಳುವುದೂ ಏರುತ್ತದೆ. ಕಳಿಸಿದ್ದು ಕಡಿಮೆ, ಕೇಳಿದ್ದು ಮಾತ್ರ ಏರಿದ್ದರೆ ರೇಡಿಯೋ ವಿನಾಕಾರಣ ಎಚ್ಚರವಾಗಿದೆ. ಎರಡೂ ಕಡಿಮೆ ಇದ್ದು ಬ್ಯಾಟರಿ ಮಾತ್ರ ಬೇಗ ಮುಗಿಯುತ್ತಿದ್ದರೆ ಕರೆಂಟ್ ರೇಡಿಯೋದ ಹೊರಗೆ ಸೋರುತ್ತಿದೆ. ಎನರ್ಜೆಸ್ಟ್‌ಗೆ ಸೆನ್ಸರ್ ಎಳೆಯುವ ಕರೆಂಟ್ ಕಾಣುವುದಿಲ್ಲ, ಡಬ್ಬಿಯೊಳಗಿನ ನೀರೂ ಕಾಣುವುದಿಲ್ಲ.

ಮೂರು ದಾರಿ, ಮೂರು ಬೇರೆ ಬೇರೆ ರಿಪೇರಿ. ಇವನ್ನು ಬೆರೆಸಿದರೆ ತಿಂಗಳುಗಟ್ಟಲೆ ಅಲೆಯುತ್ತೀರಿ.

ರೇಡಿಯೋದ ಹೊರಗಿನ ಸೋರಿಕೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಹುಡುಕುವುದು ಸುಲಭ. ಮಣ್ಣಿನ ಸೆನ್ಸರ್‌ಗೆ ಅಳತೆಯ ಹೊತ್ತಿನಲ್ಲಿ ಮಾತ್ರ ಕರೆಂಟ್ ಕೊಡಬೇಕು. 5 ಮಿಲಿಆಂಪ್ ಎಳೆಯುವ ಸೆನ್ಸರ್ ಸದಾ ಆನ್ ಇದ್ದರೆ ಅದೊಂದೇ 2000 ಮಿಲಿಆಂಪ್ ಅವರ್ ಅನ್ನು 16-17 ದಿನದಲ್ಲಿ ಮುಗಿಸುತ್ತದೆ. ಸೆನ್ಸರ್ ವೈರ್ ಕಿತ್ತು ಒಂದು ನೋಡ್ ಅನ್ನು ಹಾಗೇ ಬಿಟ್ಟು ನೋಡಿ. ಮಳೆಗಾಲವಾದರೆ ಡಬ್ಬಿ ಬಿಚ್ಚಿ ಬೋರ್ಡ್ ಮೇಲೆ ತೇವ, ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಇದೆಯೇ ನೋಡಿ.

ಬ್ಯಾಟರಿ ನೋಡುವಾಗ ಒಂದು ತಪ್ಪು ಎಲ್ಲರಿಂದಲೂ ಆಗುತ್ತದೆ. ಸೆಲ್ ತೆಗೆದು ಮೀಟರ್ ಹಿಡಿದರೆ ಚೆನ್ನಾಗೇ ತೋರಿಸುತ್ತದೆ. ರೇಡಿಯೋ 19 ಮಿಲಿಆಂಪ್ ಎಳೆದ ಕ್ಷಣ ಅದೇ ಸೆಲ್ ಕುಸಿಯುತ್ತದೆ. ಈ ಬೋರ್ಡ್‌ಗೆ ಕನಿಷ್ಠ 2.1 ವೋಲ್ಟ್ ಬೇಕು, ಅಂದರೆ ಒಂದು ಸೆಲ್‌ಗೆ 1.05. ಎರಡು ಸೆಲ್ ಸೇರಿಸಿ 150 ಓಮ್ ರೆಸಿಸ್ಟರ್ ಅಡ್ಡ ಇಟ್ಟು ಅಳೆಯಿರಿ. 3 ವೋಲ್ಟ್‌ಗೆ ಅದು 20 ಮಿಲಿಆಂಪ್ ಎಳೆಯುತ್ತದೆ, ರೇಡಿಯೋ ಎಳೆದ ಹಾಗೆಯೇ. ಆಗ ನಿಜ ಗೊತ್ತಾಗುತ್ತದೆ.

ಮಲಗಿದ ನೋಡ್‌ನ ಕರೆಂಟ್ ಅಳೆಯಲು ಮಲ್ಟಿಮೀಟರ್‌ನ ಮೈಕ್ರೋಆಂಪ್ ರೇಂಜ್ ಹಾಕಿದರೆ ನೋಡ್ ಮತ್ತೆ ಮತ್ತೆ ರೀಬೂಟ್ ಆಗಬಹುದು. ಆ ರೇಂಜ್‌ನಲ್ಲಿ ಮೀಟರ್ ಒಳಗೇ ದೊಡ್ಡ ರೆಸಿಸ್ಟರ್ ಇರುತ್ತದೆ. ರೇಡಿಯೋ ಎದ್ದ ತಕ್ಷಣ ವೋಲ್ಟೇಜ್ ಅಲ್ಲೇ ಬಿದ್ದುಹೋಗುತ್ತದೆ. ಬ್ಯಾಟರಿಯ ಸರಣಿಯಲ್ಲಿ 10 ಓಮ್ ಹಾಕಿ, ಅದರ ಎರಡು ತುದಿಗೆ ಆಸಿಲೋಸ್ಕೋಪ್ ಹಿಡಿಯುವುದು ಒಳ್ಳೆಯದು. ಕೇಳುವ ಹೊತ್ತಿನಲ್ಲಿ 190 ಮಿಲಿವೋಲ್ಟ್‌ನ ಗೋಪುರ ಕಾಣುತ್ತದೆ. ಆರೋಗ್ಯವಾಗಿರುವ ನೋಡ್‌ನಲ್ಲಿ 125 ಮಿಲಿಸೆಕೆಂಡಿಗೊಂದು ಸೂಜಿಯಂಥ ಗೆರೆ. ಕಾಯಿಲೆಯ ನೋಡ್‌ನಲ್ಲಿ ಆ ಸೂಜಿಗಳು ಅಗಲ ಪಟ್ಟಿಗಳಾಗಿರುತ್ತವೆ.

ಕೇಳುವುದೇ ಜಾಸ್ತಿಯಾಗಿದ್ದರೆ

ಮೊದಲು ಒಂದು ಸರಳ ಪ್ರಶ್ನೆ. ನಿಮ್ಮ ಜಾಲದಲ್ಲಿ ರೇಡಿಯೋ ಮಲಗಿಸುವವರು ಯಾರಾದರೂ ಇದ್ದಾರೆಯೇ?

ಕಾಂಟಿಕಿಯಿಂದ ಅದರ ಹೊಸ ರೂಪವಾದ ಕಾಂಟಿಕಿ-ಎನ್‌ಜಿಗೆ ಹೋದವರು ಇಲ್ಲಿ ಎಡವುತ್ತಾರೆ. ಎನ್‌ಜಿಯಲ್ಲಿ ಕಾಂಟಿಕಿಮ್ಯಾಕ್ ಇಲ್ಲ. ತಾನಾಗಿ ಬರುವ ಸಿಎಸ್‌ಎಂಎ ಅನ್ನುವ ವಿಧಾನ ರೇಡಿಯೋವನ್ನು ಸದಾ ಎಚ್ಚರವಾಗಿಡುತ್ತದೆ. ಕರೆಂಟ್ ಉಳಿಸಬೇಕಾದರೆ ಟಿಎಸ್‌ಸಿಎಚ್ ಅನ್ನುವ ವಿಧಾನವನ್ನು ನಾವೇ ಆರಿಸಿ, ಯಾವ ಹೊತ್ತಿಗೆ ಯಾರು ಏಳಬೇಕು ಎಂದು ಹೊಂದಿಸಬೇಕು. ಕೋಡ್ ಚೆನ್ನಾಗಿ ನಡೆಯುತ್ತದೆ, ಪ್ಯಾಕೆಟ್ ಎಲ್ಲ ಬರುತ್ತದೆ, ಐದನೇ ದಿನ ಎಲ್ಲ ನೋಡ್ ಒಟ್ಟಿಗೆ ಸಾಯುತ್ತವೆ. ಗುರುತು ಅದೇ: ಒಟ್ಟಿಗೆ ಸಾಯುವುದು, ನಾಲ್ಕೈದು ದಿನದಲ್ಲಿ ಸಾಯುವುದು. ಇಂಥ ಜಾಲದ ರೂಟಿಂಗ್ ಎಷ್ಟು ತಿದ್ದಿದರೂ ಬ್ಯಾಟರಿ ಒಂದು ದಿನ ಕೂಡ ಜಾಸ್ತಿ ಬರುವುದಿಲ್ಲ.

ನಮ್ಮಲ್ಲಿ ಹಾಗಿರಲಿಲ್ಲ. ದೂರದ ನೋಡ್‌ಗಳು ಚೆನ್ನಾಗಿ ಮಲಗುತ್ತಿದ್ದವು. ಬಂಗಲೆ ಪಕ್ಕದ ಮೂರು ಮಾತ್ರ ನೂರಕ್ಕೆ ಇಪ್ಪತ್ತರ ಆಸುಪಾಸು ಸಮಯ ಕೇಳುತ್ತಾ ಕೂತಿದ್ದವು. ಕಳಿಸಿದ ಸಮಯ ಒಂದು ಪಾಲಿಗಿಂತ ಕಡಿಮೆ. ಹಾಗಾದರೆ ಅವು ಕೇಳುತ್ತಿದ್ದುದು ಯಾರ ಮಾತನ್ನು?

ಕಾಂಟಿಕಿಮ್ಯಾಕ್ ಕಣ್ಣು ಬಿಟ್ಟಾಗ ಗಾಳಿಯಲ್ಲಿ ಏನಾದರೂ ರೇಡಿಯೋ ಸದ್ದು ಇದೆಯೇ ಎಂದು ಮಾತ್ರ ನೋಡುತ್ತದೆ. ಸದ್ದು ಇದ್ದರೆ ತನಗೆ ಪ್ಯಾಕೆಟ್ ಬರುತ್ತಿರಬಹುದು ಎಂದು ಎಚ್ಚರವಾಗಿಯೇ ಇರುತ್ತದೆ. ಆ ಸದ್ದು ಪಕ್ಕದ ನೋಡ್‌ದೋ ವೈಫೈನದೋ ಎಂದು ಆ ಕ್ಷಣಕ್ಕೆ ಅದಕ್ಕೆ ಗೊತ್ತಾಗುವುದಿಲ್ಲ. ವೈಫೈ ಕೂಡ ಇದೇ 2.4 ಗಿಗಾಹರ್ಟ್ಸ್‌ನಲ್ಲಿದೆ, ಅದರ ಬಲ ನಮ್ಮ ನೋಡ್‌ಗಳಿಗಿಂತ ಬಹಳ ಜಾಸ್ತಿ.

ಬಂಗಲೆಯಲ್ಲಿ ವೈಫೈ ಹಿಂದಿನ ವರ್ಷವೂ ಇತ್ತು. ಆಗ ತೊಂದರೆ ಇರಲಿಲ್ಲ. ಹೊಸದಾಗಿ ಬಂದಿದ್ದು ಏನು ಎಂದು ರೈಟರ್ ಅವರನ್ನು ಕೇಳಿದೆ. "ಕಣಕ್ಕೆ ಕ್ಯಾಮೆರಾ ಹಾಕಿದ್ದಾರಲ್ಲ ಸಾರ್, ಕೊಯ್ಲು ಶುರುವಾದಾಗ" ಅಂದರು. ಅಂಗಳದಲ್ಲಿ ಒಣಗಲು ಹರವಿದ ಕಾಫಿ, ಮೆಣಸು ಕಾಯಲು ಎರಡು ವೈಫೈ ಕ್ಯಾಮೆರಾ. ರಾತ್ರಿ ಹಗಲು ಬಿಡದೆ ವಿಡಿಯೋ ಕಳಿಸುತ್ತಿದ್ದವು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಸಿಂಕ್ ಬಂಗಲೆಯಲ್ಲಿ, ವೈಫೈ ಬಂಗಲೆಯಲ್ಲಿ. ಸಿಂಕ್ ಹತ್ತಿರ ಇರುವುದೂ ವೈಫೈ ಹತ್ತಿರ ಇರುವುದೂ ಒಂದೇ ಮೂರು ನೋಡ್. ಹೊರೆಯಿಂದ ಸಾಯುವ ನೋಡ್‌ಗಳೂ ಸದ್ದಿನಿಂದ ಸಾಯುವ ನೋಡ್‌ಗಳೂ ನಕಾಶೆಯಲ್ಲಿ ಒಂದೇ ಜಾಗದಲ್ಲಿ ಕಾಣುತ್ತವೆ. ಅದಕ್ಕೇ ಈ ದೋಷ ಇಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ನೋಡ್ ಅನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿ, 11ರಿಂದ 26ರ ವರೆಗಿನ ಹದಿನಾರೂ ಚಾನಲ್‌ಗಳಲ್ಲಿ ಒಂದೊಂದು ನಿಮಿಷ ಸದ್ದಿನ ಮಟ್ಟ ಬರೆದುಕೊಳ್ಳಿ. ಸಿಸಿ2420 ಕೊಡುವ ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲದ) ಸಂಖ್ಯೆಯಿಂದ 45 ಕಳೆದರೆ ಡಿಬಿಎಂ (ಬಲ ಹೇಳುವ ಮಾನ) ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಜಾಲ 22ರಲ್ಲಿತ್ತು, ಅಂದರೆ 2460 ಮೆಗಾಹರ್ಟ್ಸ್. ರೌಟರ್ ಇದ್ದದ್ದು ವೈಫೈನ 11ನೇ ಚಾನಲ್‌ನಲ್ಲಿ, ನಡುಮಧ್ಯ 2462. ಇದಕ್ಕಿಂತ ಹತ್ತಿರ ಇನ್ನೊಂದಿಲ್ಲ.

ವೈಫೈ 1, 6, 11ರಲ್ಲಿ ಇದ್ದರೆ ನಮಗೆ ಉಳಿಯುವ ಸಂದುಗಳು 15, 20, 25, 26. ಅದರಲ್ಲಿ 26 ಎಲ್ಲಕ್ಕಿಂತ ಆಚೆ, 2480ರಲ್ಲಿದೆ. ಇಲ್ಲೊಂದು ಎಚ್ಚರಿಕೆ ಬೇಕು. ಭಾರತದಲ್ಲಿ ವೈಫೈ 13ನೇ ಚಾನಲ್ ತನಕ ಬಳಸಬಹುದು. ರೌಟರ್ ಆಟೋದಲ್ಲಿದ್ದು ಒಂದು ದಿನ 13ಕ್ಕೆ ಹಾರಿದರೆ 26 ಕೂಡ ಮುಳುಗುತ್ತದೆ. ಅದಕ್ಕೆ ನಾವು ರೌಟರ್ ಅನ್ನು 1ರಲ್ಲಿ ಗಟ್ಟಿ ಮಾಡಿ, ಜಾಲವನ್ನು 26ಕ್ಕೆ ತಂದೆವು.

ಸದ್ದು ಅಂದುಕೊಳ್ಳುವ ಮಟ್ಟವನ್ನೇ ಮೇಲೆತ್ತಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಎತ್ತಬಹುದು, ಸುಳ್ಳು ಎಚ್ಚರ ಕಡಿಮೆಯಾಗುತ್ತದೆ. ಆದರೆ ದೂರದ ನೋಡ್‌ನ ಸಣ್ಣ ದನಿಯೂ ಕೇಳದೆ ಹೋಗುತ್ತದೆ. ಚಾನಲ್ ಬದಲಿಸಲು ಆಗದಿದ್ದಾಗ ಮಾತ್ರ ಅದಕ್ಕೆ ಕೈ ಹಾಕಿ.

ಕಳಿಸುವುದು ಜಾಸ್ತಿಯಾಗಿದ್ದರೆ ಮಾತ್ರ ರೂಟಿಂಗ್

ವೈಫೈ ತೊಂದರೆ ತೀರಿದ ಮೇಲೆ, ಮಳೆಗಾಲದಲ್ಲಿ ನಮಗೂ ನಿಜವಾದ ರೂಟಿಂಗ್ ದೋಷ ಬಂತು. ಜುಲೈಯಲ್ಲಿ ನಡು ಬ್ಲಾಕ್‌ನ ಕೆಲವು ನೋಡ್‌ಗಳ ಕಳಿಸುವ ಸಮಯ ಏರಿತು. ಇಲ್ಲಿ ನೋಡಬೇಕಾದ್ದು ಪೇರೆಂಟ್. ಆರ್‌ಪಿಎಲ್‌ನಲ್ಲಿ ಪ್ರತಿ ನೋಡ್ ಸಿಂಕ್ ಕಡೆಗೆ ಒಂದು ಪೇರೆಂಟ್ ಆರಿಸಿಕೊಳ್ಳುತ್ತದೆ. ನಮ್ಮ ಗಂಟೆಗೊಮ್ಮೆಯ ವರದಿಯಲ್ಲಿ ಒಂದು ನೋಡ್‌ನ ಪೇರೆಂಟ್ ದಿನಕ್ಕೆ ಹತ್ತಾರು ಸಲ ಅತ್ತಿಂದಿತ್ತ ಬದಲಾಗುತ್ತಿತ್ತು.

ಕಾರಣ ಲೆಕ್ಕದಲ್ಲೇ ಇದೆ. ಒಂದು ಪ್ಯಾಕೆಟ್ ತಲುಪಿಸಲು ಸರಾಸರಿ ಎಷ್ಟು ಸಲ ಕಳಿಸಬೇಕು ಅನ್ನುವ ಅಳತೆಗೆ ಇಟಿಎಕ್ಸ್ ಎನ್ನುತ್ತಾರೆ. ಹೋಗುವ ಪ್ಯಾಕೆಟ್ ನೂರಕ್ಕೆ 70, ಬರುವ ಉತ್ತರ ನೂರಕ್ಕೆ 70 ಮುಟ್ಟಿದರೆ ಇಟಿಎಕ್ಸ್ ಸುಮಾರು 2. ಈಗ ಆ ನೋಡ್ ಮುಂದೆ ಎರಡು ದಾರಿ. ನೇರ ಹೋಗುವ ಉದ್ದನೆಯ ದಾರಿಯ ಇಟಿಎಕ್ಸ್ 2. ನಡುವೆ ಒಂದು ನೋಡ್ ಹಿಡಿದು ಹೋದರೆ 1.1 ಮತ್ತು 1.1, ಒಟ್ಟು 2.2. ಕಾಗದದ ಮೇಲೆ ಮೊದಲನೆಯದು ಚೆನ್ನ. ಆದರೆ ಉದ್ದನೆಯ ದಾರಿ ಅಂಚಿನ ಮೇಲೆ ನಿಂತಿದೆ. ಎಲೆ ಒದ್ದೆಯಾದರೆ ಬೀಳುತ್ತದೆ, ಒಣಗಿದರೆ ಏಳುತ್ತದೆ. ಎರಡು ಹೆಜ್ಜೆಯ ದಾರಿ ಮಳೆಯಲ್ಲೂ ಹೆಚ್ಚು ಬದಲಾಗುವುದಿಲ್ಲ. ಸಂಖ್ಯೆ ಸ್ವಲ್ಪ ಜಾಸ್ತಿ ಇದ್ದರೂ ನಾನು ಅದನ್ನೇ ಆರಿಸುತ್ತೇನೆ.

ಇದಕ್ಕೆ ಎರಡು ಹಿಡಿತ ಇವೆ. ಒಂದು, ಪೇರೆಂಟ್ ಬದಲಿಸಲು ಬೇಕಾದ ವ್ಯತ್ಯಾಸ. 2012ರ ಆರ್‌ಎಫ್‌ಸಿ 6719 ಅನ್ನುವ ಇಂಟರ್ನೆಟ್ ಮಾನದಂಡ ಇದಕ್ಕೆ 192 ಎಂದು ಹೇಳುತ್ತದೆ. 128 ಅಂದರೆ ಇಟಿಎಕ್ಸ್ 1, ಹಾಗಾಗಿ 192 ಅಂದರೆ 1.5. ನಿಮ್ಮ ಕೋಡ್‌ನಲ್ಲಿ ಇದಕ್ಕಿಂತ ಕಡಿಮೆ ಇದ್ದರೆ ಮೇಲೆತ್ತಿ ನೋಡಿ. ಎರಡು, ದುರ್ಬಲ ದಾರಿಯನ್ನು ಪೇರೆಂಟ್ ಪಟ್ಟಿಗೇ ಸೇರಿಸದಿರುವುದು. ಸಿಸಿ2420ರಲ್ಲಿ ಸಿಗ್ನಲ್ ಮೈನಸ್ 87 ಡಿಬಿಎಂಗಿಂತ ಮೇಲಿದ್ದರೆ ಪ್ಯಾಕೆಟ್ ಬಹುಪಾಲು ಮುಟ್ಟುತ್ತದೆ. ಅದರ ಕೆಳಗೆ ನಂಬಿಕೆ ಇಲ್ಲ. ಹಾಪ್ (ನೋಡ್‌ನಿಂದ ನೋಡ್‌ಗೆ ಒಂದು ಹೆಜ್ಜೆ) ಎಣಿಕೆಯ ಮೇಲೆ ಮಾತ್ರ ದಾರಿ ಆರಿಸುವ ಜಾಲದಲ್ಲಿ ಇದು ಇನ್ನೂ ಮುಖ್ಯ. ಕಡಿಮೆ ಹಾಪ್ ಬೇಕು ಎಂದು ಅದು ಅತಿ ಉದ್ದದ, ಅತಿ ದುರ್ಬಲ ದಾರಿಯನ್ನೇ ಹುಡುಕಿ ಹಿಡಿಯುತ್ತದೆ.

ಕೋಡ್ ಬಿಟ್ಟು ಆಂಟೆನಾ ಎತ್ತರವನ್ನೂ ನೋಡಿ. 50 ಮೀಟರ್ ದೂರದ ಎರಡು ನೋಡ್‌ಗಳ ನಡುವೆ 2.4 ಗಿಗಾಹರ್ಟ್ಸ್‌ಗೆ ನಟ್ಟನಡುವೆ ಸುಮಾರು 1.25 ಮೀಟರ್ ತ್ರಿಜ್ಯದಲ್ಲಿ ಜಾಗ ಬಿಡುವಾಗಿರಬೇಕು. ಅಂದರೆ ಗೆರೆಯಿಂದ ಎಲ್ಲ ಕಡೆಗೂ 1.25 ಮೀಟರ್. ಕಾಫಿ ಗಿಡದ ಬುಡದಲ್ಲಿ, ಮೊಣಕಾಲೆತ್ತರಕ್ಕೆ ಇಟ್ಟ ನೋಡ್‌ಗೆ ಅದು ಸಿಗುವುದಿಲ್ಲ. ಒಂದು ಕಡೆ ನೆಲ, ಉಳಿದ ಕಡೆ ನೀರು ತುಂಬಿದ ಎಲೆ. ಸೆನ್ಸರ್ ಮಣ್ಣಲ್ಲಿರಲಿ, ರೇಡಿಯೋ ಮಾತ್ರ ಕಂಬದ ಮೇಲಿರಲಿ. ಬೇಸಿಗೆಯಲ್ಲಿ ಜಾಲ ನಿಲ್ಲಿಸಿ ಪರೀಕ್ಷೆ ಮಾಡಿ ಹೋದವರಿಗೆ ಜೂನ್ ತಿಂಗಳು ಪಾಠ ಕಲಿಸುತ್ತದೆ. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ವಿಶ್ವವಿದ್ಯಾಲಯ ಸೇರಿ ಮಳೆಯಾಧಾರಿತ ಹೊಲಗಳಿಗೆ ಸೆನ್ಸರ್ ಜಾಲ ಹಾಕಿದ್ದವು. ಅದು ಬಯಲುಸೀಮೆ. ಅಲ್ಲಿನ ದೂರಗಳನ್ನು ಮಲೆನಾಡಿಗೆ ಹಾಗೇ ತಂದರೆ ನಡೆಯುವುದಿಲ್ಲ.

ಸಾಯುವ ನೋಡ್ ಪಕ್ಕದವನ್ನೂ ಸಾಯಿಸುತ್ತದೆ

ಇನ್ನೊಂದು ದೋಷಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡಬೇಕು, ಯಾಕೆಂದರೆ ಇದನ್ನು ಬಹಳ ಜನ ಗಮನಿಸುವುದಿಲ್ಲ.

ಆರ್‌ಪಿಎಲ್ ನೋಡ್‌ಗಳು ಆಗಾಗ ಡಿಐಓ ಅನ್ನುವ ಸಂದೇಶವನ್ನು ಎಲ್ಲರಿಗೂ ಸಾರುತ್ತವೆ: ನಾನಿದ್ದೇನೆ, ಸಿಂಕ್‌ನಿಂದ ಇಷ್ಟು ದೂರ. ಎಷ್ಟು ಸಲ ಸಾರಬೇಕು ಎಂದು ಟ್ರಿಕಲ್ ಟೈಮರ್ ಹೇಳುತ್ತದೆ. ಕಾಂಟಿಕಿಯಲ್ಲಿ ಅದು ಸುಮಾರು 4 ಸೆಕೆಂಡಿನಿಂದ ಶುರುವಾಗಿ, ಜಾಲ ನೆಮ್ಮದಿಯಾಗಿದ್ದರೆ ಎಂಟು ಸಲ ದ್ವಿಗುಣಗೊಂಡು ಹದಿನೇಳೂವರೆ ನಿಮಿಷಕ್ಕೆ ಹೋಗಿ ನಿಲ್ಲುತ್ತದೆ. ಜಾಲದಲ್ಲಿ ಏನೋ ಬದಲಾಯಿತು ಅನಿಸಿದರೆ ಮತ್ತೆ 4 ಸೆಕೆಂಡಿಗೆ ಇಳಿಯುತ್ತದೆ.

ಎಲ್ಲರಿಗೂ ಸಾರುವುದು ದುಬಾರಿ. ಯಾರು ಯಾವಾಗ ಏಳುತ್ತಾರೋ ಗೊತ್ತಿಲ್ಲ, ಹಾಗಾಗಿ ಪೂರ್ತಿ 125 ಮಿಲಿಸೆಕೆಂಡ್ ಕಳಿಸುತ್ತಲೇ ಇರಬೇಕು. ನೆಮ್ಮದಿಯ ಜಾಲದಲ್ಲಿ ದಿನಕ್ಕೆ ಸುಮಾರು 82 ಸಲ, ಅಂದರೆ ಹತ್ತು ಸೆಕೆಂಡ್. ಟೈಮರ್ 4 ಸೆಕೆಂಡಿನಲ್ಲೇ ಸಿಕ್ಕಿಹಾಕಿಕೊಂಡರೆ ದಿನಕ್ಕೆ 21 ಸಾವಿರ ಸಲ, ಅಂದರೆ 44 ನಿಮಿಷ. ನೂರಕ್ಕೆ 3 ಪಾಲು ಇಲ್ಲೇ ಹೋಯಿತು. ಕೇಳುವ ನೆರೆಯವರ ಖರ್ಚು ಬೇರೆ.

ಟೈಮರ್ ಯಾಕೆ ಸಿಕ್ಕಿಹಾಕಿಕೊಳ್ಳುತ್ತದೆ? ಬ್ಯಾಟರಿ ಮುಗಿಯುತ್ತಾ ಬಂದ ನೋಡ್ ರೇಡಿಯೋ ಎಬ್ಬಿಸಿದಾಗ ಕುಸಿದು ರೀಬೂಟ್ ಆಗುತ್ತದೆ. ಎದ್ದ ಮೇಲೆ ಯಾರಾದರೂ ಇದ್ದೀರಾ ಎಂದು ಡಿಐಎಸ್ ಕಳಿಸುತ್ತದೆ. ಎಲ್ಲರಿಗೂ ಸಾರಿದ ಡಿಐಎಸ್ ಕೇಳಿದ ನೆರೆಯವರು ತಮ್ಮ ಟೈಮರ್ ಅನ್ನು ಮೊದಲಿಗೆ ತರಬೇಕು ಎಂದು ನಿಯಮವೇ ಇದೆ. ಮತ್ತೆ ಕುಸಿತ, ಮತ್ತೆ ಡಿಐಎಸ್. ಒಂದು ನೋಡ್ ದಿನಗಟ್ಟಲೆ ಹೀಗೆ ಒದ್ದಾಡುತ್ತಿದ್ದರೆ ಸುತ್ತಲಿನ ಐದಾರು ನೋಡ್‌ಗಳ ಬ್ಯಾಟರಿಯೂ ಅದರ ಜೊತೆ ಇಳಿಯುತ್ತದೆ. ರೀಬೂಟ್ ಎಣಿಕೆಯನ್ನು ವರದಿಯಲ್ಲಿ ಹಾಕಿ ಎಂದು ಮೇಲೆ ಹೇಳಿದ್ದು ಇದಕ್ಕೇ. ನಾವು ಈಗ 2.3 ವೋಲ್ಟ್‌ಗಿಂತ ಕೆಳಗಿಳಿದ ನೋಡ್ ಇತರರ ಪ್ಯಾಕೆಟ್ ಹೊರದಂತೆ, ಎಲೆಯ ಹಾಗೆ ತುದಿಯಲ್ಲಿರುವಂತೆ ಮಾಡಿದ್ದೇವೆ. ರೀಬೂಟ್ ಆದರೆ ತಕ್ಷಣ ಸಾರದೆ ಹತ್ತು ನಿಮಿಷ ಮಲಗುತ್ತದೆ.

ಎರಡನೇ ಕಾರಣ ಬಂಗಲೆಯಲ್ಲೇ ಇದೆ. ಕರೆಂಟ್ ಹೋದರೆ ಸಿಂಕ್ ಆರುತ್ತದೆ, ಬಂದರೆ ಹೊಸದಾಗಿ ರೂಟಿಂಗ್ ಮರ (ಯಾರಿಗೆ ಯಾರು ಪೇರೆಂಟ್ ಎನ್ನುವ ಜೋಡಣೆ) ಕಟ್ಟಲು ಶುರು ಮಾಡುತ್ತದೆ. ತೋಟದ 24 ನೋಡ್‌ಗಳೂ ಎದ್ದು ಕೂಗಾಡುತ್ತವೆ. ಮಳೆಗಾಲದಲ್ಲಿ ಲೈನ್ ಮೇಲೆ ಕೊಂಬೆ ಬಿದ್ದು ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಸಿಂಕ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿದ್ದು, ನಾವು ಮಾಡಿದ ರಿಪೇರಿಗಳಲ್ಲೇ ಅತಿ ಸುಲಭದ್ದು.

ಹೊರೆಯೇ ಕಾರಣ ಎಂದು ಖಚಿತವಾದರೆ

ಕಳಿಸುವ ಸಮಯ ಜಾಸ್ತಿ, ಪೇರೆಂಟ್ ಗಟ್ಟಿ, ಟ್ರಿಕಲ್ ನೆಮ್ಮದಿ, ರೀಬೂಟ್ ಇಲ್ಲ. ಆಗ ಮಾತ್ರ ಹೊರೆ ಹಂಚುವ ಮಾತು.

ಮೊದಲು ಹೊರೆಯನ್ನೇ ಇಳಿಸಿ. ಮಣ್ಣಿನ ತೇವ ಹತ್ತು ನಿಮಿಷದಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಆರು ಅಳತೆ ಕೂಡಿಟ್ಟು ಗಂಟೆಗೊಂದು ಪ್ಯಾಕೆಟ್ ಮಾಡಿದರೆ ಹೊರೆ ಆರರಲ್ಲಿ ಒಂದು ಪಾಲಾಗುತ್ತದೆ. ಈ ರೇಡಿಯೋದಲ್ಲಿ ಒಂದು ಪ್ಯಾಕೆಟ್‌ಗೆ 127 ಬೈಟ್ ತನಕ ಜಾಗ ಇದೆ, ಆರು ಅಳತೆ ಧಾರಾಳವಾಗಿ ಹಿಡಿಯುತ್ತದೆ. ಎರಡನೆಯದು, ಸಿಂಕ್ ಪಕ್ಕದ ನೋಡ್‌ಗಳಿಗೆ ಎಎ ಬದಲು ದಪ್ಪ ಡಿ ಸೆಲ್ ಹಾಕುವುದು. ಜಾಸ್ತಿ ದುಡಿಯುವವನಿಗೆ ಜಾಸ್ತಿ ಊಟ, ಅಷ್ಟೇ. ತೋಟದ ಇನ್ನೊಂದು ತುದಿಯಲ್ಲಿ ಕರೆಂಟ್ ಇರುವ ಕಾರ್ಮಿಕರ ಲೈನ್ ಮನೆ ಇದ್ದರೆ ಅಲ್ಲಿ ಎರಡನೇ ಸಿಂಕ್ ಇಡಬಹುದು. ಇದಿಷ್ಟು ಮಾಡಿಯೂ ಸಾಲದಿದ್ದರೆ, ಉಳಿದ ಬ್ಯಾಟರಿ ನೋಡಿ ಪೇರೆಂಟ್ ಆರಿಸುವ ಅಳತೆಗೆ ಆರ್‌ಎಫ್‌ಸಿ 6551ರಲ್ಲಿ ಜಾಗ ಇದೆ.

ಲೀಚ್ ಹಾಕಿ ಎಂದು ಸಲಹೆ ಬರುತ್ತಲೇ ಇರುತ್ತದೆ. 2000ದಲ್ಲಿ ಎಂಐಟಿಯಿಂದ ಬಂದ ಈ ವಿಧಾನದಲ್ಲಿ ನೋಡ್‌ಗಳು ಗುಂಪು ಕಟ್ಟಿಕೊಂಡು ಸರದಿಯ ಮೇಲೆ ನಾಯಕರಾಗುತ್ತವೆ. ಹೊರೆ ಹಂಚುವ ಆಲೋಚನೆ ಬಹಳ ಚೆಂದ, ನನಗೂ ಇಷ್ಟ. ಆದರೆ ಅದರ ಮೂಲ ರೂಪದಲ್ಲಿ ಯಾವ ನೋಡ್ ಆದರೂ ಸಿಂಕ್‌ಗೆ ನೇರ ಮುಟ್ಟಬಲ್ಲದು ಎಂದು ಇಟ್ಟುಕೊಂಡಿದ್ದಾರೆ. ಗುಡ್ಡದ ಆಚೆ, ಸಿಲ್ವರ್ ಓಕ್ ಸಾಲಿನ ಹಿಂದೆ ಇರುವ ನೋಡ್‌ಗೆ ಅದು ಆಗದ ಮಾತು. ಸಿಮ್ಯುಲೇಶನ್‌ನಲ್ಲಿ ಚೆನ್ನಾಗಿ ಬಂದ ಫಲಿತಾಂಶವನ್ನು ತೋಟಕ್ಕೆ ತರುವ ಮೊದಲು ಈ ಒಂದು ಮಾತನ್ನು ಕೇಳಿಕೊಳ್ಳಿ.

ಬದಲಿಸುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದು ವಾರ ಸುಮ್ಮನಿದ್ದು ಎಣಿಕೆ ನೋಡಿ. ಚಾನಲ್ ಬದಲಿಸುವುದಾದರೆ ಇನ್ನಷ್ಟು ಹುಷಾರು. ಗಾಳಿಯಲ್ಲೇ ಆಜ್ಞೆ ಕಳಿಸುವವರು ಅತಿ ದೂರದ ನೋಡ್‌ನಿಂದ ಶುರು ಮಾಡಿ ಬಂಗಲೆ ಕಡೆಗೆ ಬರಬೇಕು. ಹತ್ತಿರದ್ದನ್ನು ಮೊದಲು ಬದಲಿಸಿದರೆ ಆಚೆಯವುಗಳಿಗೆ ದಾರಿಯೇ ಇರುವುದಿಲ್ಲ. ನಾವು ಆ ಅಪಾಯಕ್ಕೆ ಹೋಗದೆ ಏಣಿ, ಲ್ಯಾಪ್‌ಟಾಪ್ ಹಿಡಿದು ಒಂದೊಂದು ಕಂಬಕ್ಕೂ ಹೋದೆವು. ಎರಡು ದಿನ ಹಿಡಿಯಿತು. ಪ್ರತಿ ಡಬ್ಬಿಯ ಮುಚ್ಚಳದ ಒಳಗೆ ಚಾನಲ್ ಸಂಖ್ಯೆ, ಬ್ಯಾಟರಿ ಹಾಕಿದ ದಿನ ಬರೆದೆವು.

ಅದು ಮಾರ್ಚ್ ಮೊದಲ ವಾರ. ಬಂಗಲೆ ಪಕ್ಕದ ನೋಡ್‌ಗಳ ಕೇಳುವ ಸಮಯ ಅದೇ ರಾತ್ರಿ ನೂರಕ್ಕೆ ಒಂದೂವರೆಗಿಂತ ಕೆಳಗಿಳಿಯಿತು. ಕಣದ ಕ್ಯಾಮೆರಾ ಈಗಲೂ ಹಾಗೇ ನಡೆಯುತ್ತಿವೆ. ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾದಾಗ ರೈಟರ್ ಬೇರೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದ್ದರು. ಆ ನೋಡ್‌ಗಳಲ್ಲಿ ಇನ್ನೂ ಮಾರ್ಚ್‌ನ ಬ್ಯಾಟರಿಯೇ ಇತ್ತು.